ಬರ್ಕ್ಲಿಯಲ್ಲಿ ಓದು, ಅಟ್ಲಾಂಟಿಕ್ ದಡದಲ್ಲಿ ಮ್ಯಾಚು: ಮಗಳಿಗೆ ಈ ಕಾಲೇಜು ಒಪ್ಪಿಕೊಳ್ಳಬಹುದಾ?

ಓದುಗರ ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಮಗಳು ಹನ್ನೊಂದನೇ ತರಗತಿ, 2027ರಲ್ಲಿ ಕಾಲೇಜು ಸೇರುತ್ತಾಳೆ. ಚಿಕ್ಕಂದಿನಿಂದ ವಾಲಿಬಾಲ್ ಆಡುತ್ತಾಳೆ. ನಮ್ಮ ಯಜಮಾನರು ಮಂಡ್ಯ ಕಡೆಯವರು, ಊರ ಹಬ್ಬದ ಟೂರ್ನಮೆಂಟುಗಳಲ್ಲಿ ಆಡಿದವರು, ಅವಳಿಗೆ ಮೊದಲು ಕಲಿಸಿದ್ದೂ ಅವರೇ. ಈಗ ಬರ್ಕ್ಲಿಯ ಕ್ಯಾಲ್, ಅಂದರೆ ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ, ಟೀಮಿನವರು ಮಾತಾಡುತ್ತಿದ್ದಾರೆ. ಬಾರ್ಟ್ ರೈಲು ಹತ್ತಿದರೆ ಮಗಳನ್ನು ನೋಡಬಹುದು ಅಂತ ಖುಷಿಪಟ್ಟೆವು. ಆಮೇಲೆ ಮ್ಯಾಚುಗಳ ಪಟ್ಟಿ ನೋಡಿದರೆ ನಾರ್ತ್ ಕೆರೊಲಿನಾ, ಫ್ಲೋರಿಡಾ, ಬಾಸ್ಟನ್! ಅವಳು ಬಯಾಲಜಿ ಓದಬೇಕು ಅಂತಾಳೆ. ಇಷ್ಟು ತಿರುಗಿದರೆ ಲ್ಯಾಬ್ ಗತಿ ಏನು? ಪೆಸಿಫಿಕ್ ದಡದ ಕಾಲೇಜು ಅಟ್ಲಾಂಟಿಕ್ ಕೋಸ್ಟ್ ಲೀಗಿಗೆ ಯಾಕೆ ಸೇರಿತು? ಈ ಲೀಗೂ ನಾಳೆ ಒಡೆದು ಹೋದರೆ? ನಮ್ಮವರು, ಫುಟ್ಬಾಲ್ ಪ್ಲೇಆಫ್ (ರಾಷ್ಟ್ರದ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಕೊನೆಯ ಸುತ್ತು) ದೊಡ್ಡದಾಗಿದೆ, ಇನ್ನು ಎಲ್ಲ ಆಟಕ್ಕೂ ದುಡ್ಡು ಬರುತ್ತೆ ಅಂತಾರೆ. ಸ್ನೇಹಿತರೊಬ್ಬರು, ಫುಟ್ಬಾಲ್ ಎಲ್ಲವನ್ನೂ ನುಂಗುತ್ತೆ, ವಾಲಿಬಾಲ್ ಟೀಮನ್ನೇ ಮುಚ್ಚಿಬಿಡ್ತಾರೆ ಅಂತ ಹೆದರಿಸಿದ್ದಾರೆ. ಯಾರ ಮಾತು ನಂಬಬೇಕು?

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿರುವುದು ಬೇರೆ ಬೇರೆ ಪ್ರಶ್ನೆ ಅನ್ನಿಸಿದರೂ ಒಳಗಿರುವ ಭಯ ಒಂದೇ. ಮನೆ ಹತ್ತಿರದ ಒಳ್ಳೆ ಕಾಲೇಜು ಅಂತ ನಂಬಿ ಮಗಳನ್ನು ಕಳಿಸಿದ ಮೇಲೆ, ನಮಗೆ ಗೊತ್ತೇ ಇಲ್ಲದ ಯಾರೋ ಎಲ್ಲೋ ಕೂತು ಮಾಡುವ ತೀರ್ಮಾನದಿಂದ ಅವಳ ನಾಲ್ಕು ವರ್ಷ ಅಡಿಮೇಲಾದರೆ ಏನು ಮಾಡೋದು, ಅಷ್ಟೇ ಅಲ್ವಾ? ಆ ಭಯ ಸುಮ್ನೆ ಹುಟ್ಟಿದ್ದಲ್ಲ. ನಾನು ಪಶ್ಚಿಮ ಕರಾವಳಿಯ ಒಂದು ವಿಶ್ವವಿದ್ಯಾಲಯದಲ್ಲಿ 14 ವರ್ಷ ಆಟಗಾರರ ಓದಿನ ಸಲಹೆಗಾರನಾಗಿ ಕೆಲಸ ಮಾಡಿದವನು. ಟೀಮುಗಳ ಜೊತೆ ವಿಮಾನ ಹತ್ತಿದ್ದೇನೆ, ಮಕ್ಕಳ ಕಣ್ಣೀರೂ ನೋಡಿದ್ದೇನೆ. ಗೊತ್ತಿರುವುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಮೊದಲು ಒಂದು ವಿಷಯ ಮನಸ್ಸಿಗೆ ತಂದುಕೊಳ್ಳಿ. ನಿಮ್ಮ ಮಗಳು ಯಾವ ಊರಿಗೆ ಹೋಗಿ ವಾಲಿಬಾಲ್ ಆಡಬೇಕು ಅನ್ನುವುದನ್ನು ತೀರ್ಮಾನ ಮಾಡುವುದು ವಾಲಿಬಾಲ್ ಅಲ್ಲ. ಅದು ಫುಟ್ಬಾಲ್. ನಮ್ಮೂರಿನ ಕಾಲ್ಚೆಂಡಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಅಮೆರಿಕನ್ ಫುಟ್ಬಾಲ್. ದೊಡ್ಡ ಕಾಲೇಜುಗಳಲ್ಲಿ ಕ್ರೀಡೆಗೆ ಬರುವ ಹಣದ ಬಹುಪಾಲು ಅದರಿಂದಲೇ ಬರುತ್ತದೆ. ಅದು ಎತ್ತ ಹೋಗುತ್ತದೋ ಮಿಕ್ಕ ಆಟಗಳೂ ಅತ್ತ ಹೋಗಬೇಕು.

ಇದು ಶುರುವಾಗಿದ್ದು 1984ರಲ್ಲಿ. ಅಲ್ಲಿಯವರೆಗೆ ಯಾವ ಕಾಲೇಜಿನ ಫುಟ್ಬಾಲ್ ಮ್ಯಾಚು ಟಿವಿಯಲ್ಲಿ ಎಷ್ಟು ಸಲ ಬರಬೇಕು ಅನ್ನುವುದು ಎನ್‌ಸಿಎಎ ಕೈಯಲ್ಲಿತ್ತು, ಅಂದರೆ ಕಾಲೇಜು ಕ್ರೀಡೆಗಳನ್ನು ನಡೆಸುವ ರಾಷ್ಟ್ರೀಯ ಸಂಸ್ಥೆಯ ಕೈಯಲ್ಲಿ. ಒಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಕೋರ್ಟಿಗೆ ಹೋದವು. ಈ ಹಿಡಿತ ಕಾನೂನಿಗೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ 7-2ರಲ್ಲಿ ತೀರ್ಪು ಕೊಟ್ಟಿತು. ಒಪ್ಪದ ಇಬ್ಬರಲ್ಲಿ ಒಬ್ಬರು ಬೈರನ್ ವೈಟ್, ಸ್ವತಃ ಹಳೆಯ ಫುಟ್ಬಾಲ್ ಆಟಗಾರರು. ಆಮೇಲೆ ಟಿವಿ ಹಕ್ಕು ಮಾರುವ ಕೆಲಸ ಕಾನ್ಫರೆನ್ಸುಗಳ ಕೈಗೆ ಬಂತು, ಅಂದರೆ ಲೀಗುಗಳ ಕೈಗೆ. ಹಿಂದೆ ಲೀಗು ಅಂದರೆ ಬಸ್ಸಿನಲ್ಲೋ ರೈಲಿನಲ್ಲೋ ಹೋಗಿ ಆಡಿಬರಬಹುದಾದ ಅಕ್ಕಪಕ್ಕದ ಕಾಲೇಜುಗಳ ಗುಂಪು. ನಿಧಾನಕ್ಕೆ ಅದು ಒಟ್ಟಿಗೆ ಟಿವಿ ಹಕ್ಕು ಮಾರುವ ಕೂಟವಾಯಿತು.

ಕೂಟ ಅಂದಮೇಲೆ ಯಾರನ್ನು ಸೇರಿಸಿಕೊಂಡರೆ ಬೆಲೆ ಏರುತ್ತದೆ ಅನ್ನುವ ಲೆಕ್ಕ ಬಂದೇ ಬರುತ್ತದೆ. ಬಿಗ್ ಟೆನ್ ಲೀಗು 2007ರಲ್ಲಿ ತನ್ನದೇ ಚಾನೆಲ್ ಶುರುಮಾಡಿತು. ಆಗ ಕೇಬಲ್ ಕಾಲ. ಲೀಗಿನ ಕಾಲೇಜು ಇರುವ ಪ್ರದೇಶದ ಪ್ರತಿ ಕೇಬಲ್ ಮನೆಯಿಂದಲೂ ತಿಂಗಳಿಗೆ ಇಷ್ಟು ಅಂತ ಹಣ ಬರುತ್ತಿತ್ತು, ಆ ಮನೆಯವರು ಮ್ಯಾಚು ನೋಡಲಿ ಬಿಡಲಿ. 2014ರಲ್ಲಿ ಮೇರಿಲ್ಯಾಂಡ್ ಮತ್ತು ರಟ್ಗರ್ಸ್ ಆ ಲೀಗು ಸೇರಿದ್ದನ್ನು ನೋಡಿ. ವಾಷಿಂಗ್ಟನ್ ಸುತ್ತಿನ ಮನೆಗಳು, ನ್ಯೂಯಾರ್ಕ್ ಸುತ್ತಿನ ಮನೆಗಳು, ಅದೇ ಆಸೆ. ಈಗ ಜನ ಕೇಬಲ್ ಕಿತ್ತುಹಾಕುತ್ತಿದ್ದಾರೆ, ಲೆಕ್ಕ ಬದಲಾಗಿದೆ. ಮನೆ ಎಷ್ಟು ಅನ್ನುವುದಕ್ಕಿಂತ ಶನಿವಾರ ಎಷ್ಟು ಜನ ನಿಜವಾಗಿ ಕೂತು ನೋಡುತ್ತಾರೆ ಅನ್ನುವುದು ಮುಖ್ಯ. ಹಾಗಾಗಿ ಊರಿಗಿಂತ ಹೆಸರಿಗೆ ಬೆಲೆ.

ನಿಮ್ಮ ಕ್ಯಾಲ್ ಕಥೆ ಇಲ್ಲಿಂದಲೇ ಬರುತ್ತದೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಇದರ ಬಗ್ಗೆ ತಪ್ಪು ತಿಳಿವಳಿಕೆ ಜಾಸ್ತಿ.

ಕ್ಯಾಲ್ ಮೊದಲು ಇದ್ದ, ಪಶ್ಚಿಮದ ಪ್ಯಾಕ್-12 ಲೀಗಿನ ಬೇರು ಇರುವುದು 1915ರಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ ಹುಟ್ಟಿದ ಒಂದು ಒಕ್ಕೂಟದಲ್ಲಿ. ಕ್ಯಾಲ್ ಅದರ ಮೊದಲ ನಾಲ್ಕು ಸದಸ್ಯರಲ್ಲಿ ಒಂದು. 2012ರಲ್ಲಿ ಈ ಲೀಗೂ ಸ್ವಂತ ಚಾನೆಲ್ ಮಾಡಿತು. ಬಿಗ್ ಟೆನ್ ಚಾನೆಲ್‌ನಲ್ಲಿ ಫಾಕ್ಸ್ ಪಾಲುದಾರ. ಇವರು ಪೂರ್ತಿ ನಮ್ಮದೇ ಇರಲಿ ಅಂದರು. ಹೆಮ್ಮೆಯ ವಿಷಯವೇ. ಆದರೆ ಉಪಗ್ರಹ ಟಿವಿ ಕಂಪನಿ ಡೈರೆಕ್‌ಟಿವಿ ಜೊತೆ ಒಪ್ಪಂದ ಕೊನೆಯವರೆಗೂ ಕುದುರಲಿಲ್ಲ, ಅಂದುಕೊಂಡಷ್ಟು ಹಣ ಬರಲಿಲ್ಲ. 2022ರ ಜೂನ್ 30ರಂದು ಲಾಸ್ ಏಂಜಲೀಸ್‌ನ ಯುಎಸ್‌ಸಿ, ಯುಸಿಎಲ್‌ಎ ಎರಡೂ ಬಿಗ್ ಟೆನ್‌ಗೆ ಹೋಗುತ್ತೇವೆ ಅಂದವು. ಲೀಗಿನ ದೊಡ್ಡ ಟಿವಿ ಮಾರುಕಟ್ಟೆ ಅಲ್ಲಿಗೆ ಕೈತಪ್ಪಿತು. ಅದೇ ಆಗಸ್ಟಿನಲ್ಲಿ ಬಿಗ್ ಟೆನ್, ಫಾಕ್ಸ್, ಸಿಬಿಎಸ್, ಎನ್‌ಬಿಸಿ ಜೊತೆ 7 ವರ್ಷಕ್ಕೆ ಸುಮಾರು 7 ಬಿಲಿಯನ್ ಡಾಲರ್ ಒಪ್ಪಂದ ಮಾಡಿಕೊಂಡಿತು. ಬಿಗ್ 12 ಲೀಗು ಇನ್ನೂ ಚುರುಕು. ತನ್ನ ಸರದಿ ಬರುವ ಮೊದಲೇ ಹೋಗಿ ಇಎಸ್‌ಪಿಎನ್, ಫಾಕ್ಸ್ ಜೊತೆ ಕಾಲೇಜಿಗೆ ವರ್ಷಕ್ಕೆ ಸುಮಾರು 31.7 ಮಿಲಿಯನ್ ಡಾಲರ್ ಬರುವಂತೆ ಮುಗಿಸಿಕೊಂಡಿತು. ಪ್ಯಾಕ್-12 ಮಾತ್ರ ಒಳ್ಳೆ ಬೆಲೆಗೆ ಕಾಯುತ್ತಾ ಕೂತಿತು. ಕೊನೆಗೆ ಸಿಕ್ಕಿದ್ದು ಆಪಲ್ ಕಂಪನಿಯ ಒಂದು ಆಫರ್, ಎಷ್ಟು ಜನ ಚಂದಾದಾರರಾಗುತ್ತಾರೋ ಅದರ ಮೇಲೆ ನಿಂತದ್ದು. 2023ರ ಆಗಸ್ಟ್ 4, ಒಂದೇ ದಿನ. ಒರೆಗಾನ್, ವಾಷಿಂಗ್ಟನ್ ಬಿಗ್ ಟೆನ್‌ಗೆ ಹೋದವು. ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ ಬಿಗ್ 12ಕ್ಕೆ ಹೋದವು. ಅದಕ್ಕೂ ಒಂದು ವಾರ ಮೊದಲೇ ಕೊಲರಾಡೊ ಹೋಗಿತ್ತು. ಉಳಿದದ್ದು ನಾಲ್ಕು: ಸ್ಟ್ಯಾನ್‌ಫರ್ಡ್, ಕ್ಯಾಲ್, ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್.

ಆ ದಿನ ನಮ್ಮ ಆಫೀಸಿನಲ್ಲಿ ಯಾರೂ ಕೆಲಸ ಮಾಡಲಿಲ್ಲ. ಹಿಂದಿನ ವರ್ಷವಷ್ಟೇ ಸೇರಿದ್ದ ಒಬ್ಬ ಹುಡುಗಿ ಬಾಗಿಲ ಹತ್ತಿರ ನಿಂತು, “ಸರ್, ನಾನು ಆಡೋದು ಸಾಕರ್. ಇದಕ್ಕೂ ನನಗೂ ಏನು ಸಂಬಂಧ?” ಅಂತ ಕೇಳಿದಳು. ಉತ್ತರ ಹೇಳೋಕೆ ನನಗೆ ನಾಲಿಗೆ ಏಳಲಿಲ್ಲ.

ಟಿವಿಯವರು ಒಂದು ಲೀಗನ್ನು ಕೊಂದುಹಾಕಿದರು ಅಂತ ಜನ ಹೇಳುತ್ತಾರೆ. ಅರ್ಧ ನಿಜ. ಟಿವಿಯವರು ಬೆಲೆ ಕಟ್ಟಿದರು. ಆದರೆ ಕಾಯೋಣ ಅಂದಿದ್ದು, ಕೊನೆಗೆ ಎದ್ದು ಹೋಗಿದ್ದು ವಿಶ್ವವಿದ್ಯಾಲಯಗಳ ಮುಖ್ಯಸ್ಥರೇ. ಹೋದವರಿಗೂ ಅವರವರ ಸಾಲ, ಅವರವರ ಸಂಕಟ ಇತ್ತು. ಇದನ್ನು ಯಾಕೆ ಹೇಳುತ್ತೇನೆಂದರೆ, ನಾಳೆ ನಿಮ್ಮ ಮಗಳ ಕಾಲೇಜೂ ಅದೇ ಒತ್ತಡದಲ್ಲಿ ಅದೇ ರೀತಿ ನಡೆದುಕೊಳ್ಳಬಹುದು.

2023ರ ಸೆಪ್ಟೆಂಬರ್ 1ರಂದು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್, ಅಂದರೆ ಎಸಿಸಿ, ಕ್ಯಾಲ್, ಸ್ಟ್ಯಾನ್‌ಫರ್ಡ್ ಮತ್ತು ಡಲ್ಲಾಸ್‌ನ ಎಸ್‌ಎಂಯು ಮೂರನ್ನೂ ಸೇರಿಸಿಕೊಂಡಿತು. ಷರತ್ತು ಕಠಿಣವಾಗಿತ್ತು. ಕ್ಯಾಲ್, ಸ್ಟ್ಯಾನ್‌ಫರ್ಡ್‌ಗೆ ಮೊದಲ 7 ವರ್ಷ ಟಿವಿ ಹಣದ ಪಾಲಿನಲ್ಲಿ 30% ಮಾತ್ರ. ಎಸ್‌ಎಂಯು ಅಂತೂ 9 ವರ್ಷ ಅದನ್ನು ಬೇಡವೇ ಬೇಡ ಅಂದಿತು. 2024ರ ಬೇಸಿಗೆಯಿಂದ ಲೆಕ್ಕ ಹಾಕಿ, 7 ವರ್ಷ ಅಂದರೆ 2031. ನಿಮ್ಮ ಮಗಳು 2027ರಲ್ಲಿ ಸೇರಿ 2031ರಲ್ಲಿ ಪದವಿ ಪಡೆಯುತ್ತಾಳೆ. ಅವಳು ಅಲ್ಲಿರುವಷ್ಟೂ ದಿನ ಕ್ಯಾಲ್‌ಗೆ ವಿಮಾನ ಪ್ರಯಾಣ ಪೂರ್ತಿ, ಟಿವಿ ಹಣ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಮನೆ ಬಿಟ್ಟು ಹೋದ ಯುಸಿಎಲ್‌ಎ ವರ್ಷಕ್ಕೆ 10 ಮಿಲಿಯನ್ ಡಾಲರ್ ಕ್ಯಾಲ್‌ಗೆ ಕೊಡಬೇಕು ಅಂತ ಎರಡೂ ಕ್ಯಾಂಪಸ್ಸುಗಳನ್ನು ಆಳುವ ಮಂಡಳಿ ಹೇಳಿರುವುದು ಇದೇ ಕಾರಣಕ್ಕೆ. ಅದರ ಮೇಲೆ ಕ್ಯಾಲ್‌ಗೆ ಸ್ಟೇಡಿಯಂ ಸಾಲವೂ ಇದೆ. ಭೂಕಂಪದ ಹೇವರ್ಡ್ ಬಿರುಕು ಅವರ ಮೆಮೋರಿಯಲ್ ಸ್ಟೇಡಿಯಂ ಅಡಿಯಲ್ಲೇ ಹಾದುಹೋಗುತ್ತದೆ. ಅದನ್ನು ಗಟ್ಟಿ ಮಾಡಿ 2012ರಲ್ಲಿ ಮತ್ತೆ ತೆರೆದ ಖರ್ಚು ಇನ್ನೂ ಹೆಗಲಮೇಲಿದೆ.

ಈಗ ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ.

ಪ್ಲೇಆಫ್ ದೊಡ್ಡದಾಗಿರುವುದು ನಿಜ. 2014ರಿಂದ 2023ರವರೆಗೆ ನಾಲ್ಕು ತಂಡ ಇತ್ತು. 2024ರಿಂದ 12. ಹಣ ಬಂದಿರುವುದೂ ನಿಜ. 2026ರಿಂದ 2031-32ರ ಸೀಸನ್‌ವರೆಗೆ ಇಎಸ್‌ಪಿಎನ್ ವರ್ಷಕ್ಕೆ ಸುಮಾರು 1.3 ಬಿಲಿಯನ್ ಡಾಲರ್ ಕೊಡುತ್ತದೆ. ಆದರೆ ಒಂದು ತಪ್ಪು ಕಲ್ಪನೆ ಇಲ್ಲಿದೆ. ಈ ಪ್ಲೇಆಫ್ ನಡೆಸುವುದು ಎನ್‌ಸಿಎಎ ಅಲ್ಲ. ಲೀಗುಗಳೇ, ಯಾವ ಫುಟ್ಬಾಲ್ ಲೀಗಿಗೂ ಸೇರದ ನೊಟ್ರ್‌ಡಾಮ್ ವಿಶ್ವವಿದ್ಯಾಲಯದ ಜೊತೆ ಸೇರಿ ನಡೆಸುತ್ತವೆ, ಹಣವನ್ನೂ ಅವರೇ ಹಂಚಿಕೊಳ್ಳುತ್ತಾರೆ. ಸಮಪಾಲು ಇಲ್ಲ. ಹೊಸ ಒಪ್ಪಂದದಲ್ಲಿ ಬಿಗ್ ಟೆನ್‌ಗೆ ಸುಮಾರು 29%, ಆಗ್ನೇಯ ಭಾಗದ ದೊಡ್ಡ ಲೀಗು ಎಸ್‌ಇಸಿಗೆ ಸುಮಾರು 29%, ಎಸಿಸಿಗೆ 17%, ಬಿಗ್ 12ಕ್ಕೆ 15% ಅಂತ ವರದಿಯಾಗಿದೆ. ಕಾಲೇಜಿನ ಲೆಕ್ಕಕ್ಕೆ ಇಳಿಸಿದರೆ ಮೊದಲ ಎರಡು ಲೀಗುಗಳಲ್ಲಿ 21 ಮಿಲಿಯನ್ ದಾಟುತ್ತದೆ, ಎಸಿಸಿಯಲ್ಲಿ 13 ಮಿಲಿಯನ್ ಆಸುಪಾಸು, ಸಣ್ಣ ಲೀಗುಗಳಲ್ಲಿ 2 ಮಿಲಿಯನ್ ಕೂಡ ಇಲ್ಲ.

ಈ 13 ಮಿಲಿಯನ್ ವಾಲಿಬಾಲ್‌ಗೆ ಬರುತ್ತದಾ? ಪಕ್ಕದಲ್ಲೇ ಇನ್ನೊಂದು ಅಂಕಿ ಇಡುತ್ತೇನೆ, ನೀವೇ ನೋಡಿ. 2025ರ ಜೂನ್‌ನಲ್ಲಿ ನಿಮ್ಮ ಪಕ್ಕದ ಓಕ್‌ಲ್ಯಾಂಡ್‌ನ ಫೆಡರಲ್ ಕೋರ್ಟಿನ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಂದು ರಾಜಿ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟರು. ಅದರ ಪ್ರಕಾರ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಮಿತಿ ಸುಮಾರು 20.5 ಮಿಲಿಯನ್ ಡಾಲರ್. ಆಟಗಾರರಿಗೆ ಇದು ಬಹಳ ಹಿಂದೆಯೇ ಸಿಗಬೇಕಾಗಿದ್ದ ನ್ಯಾಯ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ಹಣದಲ್ಲಿ ಸಾಮಾನ್ಯವಾಗಿ ಮುಕ್ಕಾಲು ಭಾಗ ಫುಟ್ಬಾಲ್‌ಗೆ, ಮಿಕ್ಕಿದ್ದರಲ್ಲಿ ಹೆಚ್ಚಿನದು ಬ್ಯಾಸ್ಕೆಟ್‌ಬಾಲ್‌ಗೆ. ಪ್ಲೇಆಫ್‌ನಿಂದ ಬರುವ ಹಣ ಪೂರ್ತಿ ಸುರಿದರೂ ಈ ಹೊಸ ಖರ್ಚೇ ತುಂಬುವುದಿಲ್ಲ. ವಾಲಿಬಾಲ್ ಕೋರ್ಟ್‌ವರೆಗೆ ಹರಿದು ಬರಲು ಏನು ಉಳಿಯುತ್ತದೆ?

ಲೀಗಿನ ಒಂದು ತಂಡ ಗೆದ್ದರೆ ಎಲ್ಲರಿಗೂ ಲಾಭ ಅನ್ನುವುದೂ ಹಳೆಯ ಮಾತಾಯಿತು. ಕಳೆದ ಸೀಸನ್‌ನಲ್ಲಿ ಎಸಿಸಿಯ ಮಯಾಮಿ ಫೈನಲ್‌ವರೆಗೆ ಹೋಯಿತು, 2026ರ ಜನವರಿ 19ರಂದು ಇಂಡಿಯಾನಾ ಎದುರು 27-21ರಲ್ಲಿ ಸೋತಿತು. ಆ ಓಟದಿಂದ ಬಂದ ಹಣದ ಬಹುಪಾಲು ಮಯಾಮಿಗೇ ಸೇರುತ್ತದೆ. ಎಸಿಸಿ ಈಗ ಗೆದ್ದವರಿಗೆ ಜಾಸ್ತಿ, ಹೆಚ್ಚು ಜನ ನೋಡುವ ತಂಡಕ್ಕೆ ಜಾಸ್ತಿ ಅನ್ನುವ ದಾರಿ ಹಿಡಿದಿದೆ.

ಪ್ಲೇಆಫ್ ವಿಸ್ತರಣೆಯನ್ನು ನಾನು ಕೆಟ್ಟದ್ದು ಅನ್ನುವುದಿಲ್ಲ. ಬಾಗಿಲು ನಿಜವಾಗಿಯೂ ಅಗಲವಾಗಿದೆ. ಸಣ್ಣ ಲೀಗುಗಳಿಂದ 2024ರಲ್ಲಿ ಬಾಯ್ಸಿ ಸ್ಟೇಟ್ ಬಂತು, 2025ರಲ್ಲಿ ಟುಲೇನ್, ಜೇಮ್ಸ್ ಮ್ಯಾಡಿಸನ್ ಬಂದವು. ಹಳೆಯ ನಾಲ್ಕು ತಂಡದ ಪದ್ಧತಿಯಲ್ಲಿ ಇವಕ್ಕೆ ದಾರಿಯೇ ಇರುತ್ತಿರಲಿಲ್ಲ. ಆ ಪದ್ಧತಿಯ ಕೊನೆಯ ವರ್ಷ, 2023ರಲ್ಲಿ, ಎಸಿಸಿಯ ಫ್ಲೋರಿಡಾ ಸ್ಟೇಟ್ ಆಡಿದ 13 ಮ್ಯಾಚನ್ನೂ ಗೆದ್ದು ಲೀಗ್ ಚಾಂಪಿಯನ್ ಆಗಿಯೂ ಹೊರಗುಳಿಯಿತು. ಆ ನೋವು ಆ ತಿಂಗಳೇ ಕೋರ್ಟು ಮೆಟ್ಟಿಲೇರಿತು. ಈ ಲೀಗಿನಲ್ಲಿದ್ದರೆ ನಮಗೆ ಭವಿಷ್ಯವಿಲ್ಲ ಅಂತ ಫ್ಲೋರಿಡಾ ಸ್ಟೇಟ್ ತನ್ನದೇ ಲೀಗಿನ ಮೇಲೆ ಕೇಸು ಹಾಕಿತು. ಹೀಗೆ ಪ್ಲೇಆಫ್ ಒಂದು ಕಡೆ, ಲೀಗು ಬದಲಾವಣೆ ಒಂದು ಕಡೆ ಅಂತ ಬೇರೆ ಮಾಡಿ ನೋಡಲು ಆಗುವುದಿಲ್ಲ. ಪ್ಲೇಆಫ್‌ನಲ್ಲಿ ಯಾರಿಗೆ ಎಷ್ಟು ಜಾಗ ಅನ್ನುವ ಜಗಳವೇ ಮುಂದಿನ ಲೀಗು ಬದಲಾವಣೆಗೆ ಬೀಜ. 2025ರಲ್ಲಿ ಬಿಗ್ ಟೆನ್ ತನಗೆ ನಾಲ್ಕು, ಎಸ್‌ಇಸಿಗೆ ನಾಲ್ಕು ಜಾಗ ಮೊದಲೇ ಕಾದಿರಿಸಬೇಕು ಅನ್ನುವ ಯೋಜನೆಯ ಬೆನ್ನಿಗೆ ನಿಂತಿತ್ತು. 16 ತಂಡವೋ 24ವೋ ಅನ್ನುವ ಎಳೆದಾಟ ಮುಗಿಯದೆ 2026ಕ್ಕೂ 12ನ್ನೇ ಉಳಿಸಿಕೊಂಡಿದ್ದಾರೆ.

ಇನ್ನು ಲೀಗು ಒಡೆಯುತ್ತದಾ ಅನ್ನುವ ನಿಮ್ಮ ಪ್ರಶ್ನೆ. ಎಸಿಸಿ 2025ರ ಮಾರ್ಚ್‌ನಲ್ಲಿ ಫ್ಲೋರಿಡಾ ಸ್ಟೇಟ್, ಕ್ಲೆಮ್ಸನ್ ಜೊತೆ ರಾಜಿ ಮಾಡಿಕೊಂಡಿತು. ಲೀಗು ಬಿಟ್ಟು ಹೋಗುವವರು ಕಟ್ಟಬೇಕಾದ ಹಣ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ 2030-31ಕ್ಕೆ 75 ಮಿಲಿಯನ್‌ಗೆ ಬರುತ್ತದೆ. ಬಿಗ್ ಟೆನ್ ಟಿವಿ ಒಪ್ಪಂದ 2030ಕ್ಕೆ ಮುಗಿಯುತ್ತದೆ, ಬಿಗ್ 12ರದು 2031ಕ್ಕೆ, ಪ್ಲೇಆಫ್‌ನದು ಅದರ ಮುಂದಿನ ವರ್ಷ. ಇವನ್ನೆಲ್ಲ ಒಂದು ಕ್ಯಾಲೆಂಡರಿನಲ್ಲಿ ಬರೆದರೆ ಎಲ್ಲವೂ ಒಂದೇ ಕಡೆ ಬಂದು ಕೂಡುತ್ತವೆ. ಮುಂದಿನ ದೊಡ್ಡ ಅಲುಗಾಟ 2030ರ ಸುತ್ತಮುತ್ತ ಅಂತ ನನ್ನ ಅಂದಾಜು. ಆಗ ನಿಮ್ಮ ಮಗಳು ಮೂರನೇ ಅಥವಾ ಕೊನೇ ವರ್ಷದಲ್ಲಿ ಇರುತ್ತಾಳೆ. ಸಮಾಧಾನ ಅಂದರೆ, ಘೋಷಣೆಯಾದ ತಕ್ಷಣ ಯಾರೂ ಹೊರಡುವುದಿಲ್ಲ. ಯುಎಸ್‌ಸಿ, ಯುಸಿಎಲ್‌ಎ ಹೋಗಲು ಎರಡು ವರ್ಷ ಹಿಡಿಯಿತು, ಒರೆಗಾನ್‌ಗೆ ಒಂದು ವರ್ಷ. ಸುದ್ದಿ ಅವಳ ಕಾಲದಲ್ಲೇ ಬರಬಹುದು, ಆದರೆ ಬೇರೆ ಲೀಗಿನ ಜರ್ಸಿ ತೊಡುವ ಹೊತ್ತಿಗೆ ಬಹುಶಃ ಅವಳ ಆಟ ಮುಗಿದಿರುತ್ತದೆ. ಕೋಚ್ ಮಾತ್ರ ಆ ಗಾಳಿಗೆ ಬಿಟ್ಟು ಹೋಗಬಹುದು, ಜೊತೆಗಾರರು ಹೋಗಬಹುದು. ಅದಕ್ಕೆ ಮನಸ್ಸು ಸಿದ್ಧವಿರಲಿ.

ಆಟಗಾರರು ಹೋಗುವುದು ಅಂದಾಗ ನನಗೆ ನೆನಪಾಗುವುದು 2024ರ ಅಕ್ಟೋಬರ್ 5. ಇಎಸ್‌ಪಿಎನ್‌ನ ಗೇಮ್‌ಡೇ ಕಾರ್ಯಕ್ರಮ ಮೊದಲ ಸಲ ಬರ್ಕ್ಲಿಗೆ ಬಂದಿತ್ತು. ಪೂರ್ವದ ಬೆಳಗ್ಗೆ 9 ಗಂಟೆ ಅಂದರೆ ಇಲ್ಲಿ 6, ಇನ್ನೂ ಕತ್ತಲು. ಆ ಚಳಿಯಲ್ಲಿ ಕ್ಯಾಂಪಸ್ಸಿನ ಹುಲ್ಲಿನ ಮೇಲೆ ಸಾವಿರಾರು ಮಕ್ಕಳು ಕಂಬಳಿ ಹೊದ್ದು ನಿಂತಿದ್ದರು. ರಾತ್ರಿ ಮಯಾಮಿ ಎದುರು ಕ್ಯಾಲ್ 35-10ರಿಂದ ಮುಂದಿತ್ತು, 39-38ರಲ್ಲಿ ಸೋತಿತು. ಆ ರಾತ್ರಿ ಕ್ಯಾಲ್ ಪರವಾಗಿ ಚೆಂಡು ಎಸೆಯುತ್ತಿದ್ದ ಹುಡುಗ ಫರ್ನಾಂಡೊ ಮೆಂಡೋಜ. ಮುಂದಿನ ಸೀಸನ್‌ಗೆ ಇಂಡಿಯಾನಾಗೆ ಹೋದ, ವರ್ಷದ ಅತ್ಯುತ್ತಮ ಕಾಲೇಜು ಫುಟ್ಬಾಲ್ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಗೆದ್ದ, ಅದೇ ಮಯಾಮಿಯನ್ನು ಸೋಲಿಸಿ ರಾಷ್ಟ್ರದ ಚಾಂಪಿಯನ್ ಆದ. ಆದರೆ ಬರ್ಕ್ಲಿಯ ಪದವಿಯನ್ನೂ ಮುಗಿಸಿಕೊಂಡ. ಪೋಷಕರಿಗೆ ನಾನು ತೋರಿಸುವುದು ಆ ಪದವಿಯನ್ನು.

ಓದಿನ ವಿಷಯಕ್ಕೆ ಬರೋಣ, ನಿಮ್ಮ ನಿಜವಾದ ಚಿಂತೆ ಅದೇ. ಎನ್‌ಸಿಎಎ ನಿಯಮದಲ್ಲಿ ಸೀಸನ್ ಇರುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ಆಟ, ಅಭ್ಯಾಸ ಇರಕೂಡದು. ಕೇಳೋಕೆ ಚೆನ್ನಾಗಿದೆ. ಪ್ರಯಾಣದ ಹೊತ್ತು ಆ 20ರಲ್ಲಿ ಸೇರುವುದಿಲ್ಲ. ಪೂರ್ವಕ್ಕೆ ಹೋಗುವಾಗ ಮೂರು ಗಂಟೆ ಗಡಿಯಾರವೂ ಕಳೆದುಹೋಗುತ್ತದೆ. ಡರ್ಹಮ್, ಟ್ಯಾಲಹಸಿಯಂಥ ಊರಿಗೆ ಬೇ ಏರಿಯಾದಿಂದ ಹೋಗಿಬರುವುದು ಅಂದರೆ ಇಡೀ ದಿನ ಎರಡು ಸಲ. ಒಂದೇ ಪ್ರಯಾಣದಲ್ಲಿ ಇಬ್ಬರು ಎದುರಾಳಿಗಳ ಜೊತೆ ಆಡಿಸಿ ಉಳಿಸಲು ನೋಡುತ್ತಾರೆ, ಶುಕ್ರವಾರ ಒಂದು, ಭಾನುವಾರ ಒಂದು. ಹಾಗಿದ್ದರೂ ಗುರುವಾರ, ಶುಕ್ರವಾರದ ಕ್ಲಾಸು ಹೋಯಿತು ಅಂತಲೇ ಲೆಕ್ಕ.

ನಾನು ಕಂಡ ಒಂದು ಚಿತ್ರ ಹೇಳುತ್ತೇನೆ. ಪೂರ್ವದ ಒಂದು ಹೋಟೆಲಿನ ಮೀಟಿಂಗ್ ರೂಮು. ಉದ್ದನೆ ಟೇಬಲ್ಲಿನ ಮೇಲೆ ಹಿಂದಿನ ರಾತ್ರಿ ಊಟದ ಪಾಸ್ಟಾ ಡಬ್ಬಿಗಳು ಇನ್ನೂ ಇದ್ದವು. ಇಬ್ಬರು ಹುಡುಗಿಯರು ಮೊಣಕಾಲಿಗೆ ಐಸ್ ಕಟ್ಟಿಕೊಂಡು ಕೆಮಿಸ್ಟ್ರಿ ಪರೀಕ್ಷೆ ಬರೆಯುತ್ತಿದ್ದರು. ಕ್ಯಾಂಪಸ್ಸಿನಲ್ಲಿ ಪರೀಕ್ಷೆ ಶುರುವಾಗುವ ಹೊತ್ತಿಗೇ ಇಲ್ಲೂ ಶುರುವಾಗಬೇಕು, ಮೇಲ್ವಿಚಾರಕ ನಾನೇ. ಪರೀಕ್ಷೆಯನ್ನು ಹೀಗೆ ಎಲ್ಲಿ ಬೇಕಾದರೂ ಬರೆಸಬಹುದು. ಲ್ಯಾಬ್ ಹಾಗಲ್ಲ. ಬಯಾಲಜಿ ಲ್ಯಾಬ್ ಅನ್ನು ಹೋಟೆಲಿಗೆ ಎತ್ತಿಕೊಂಡು ಹೋಗಲು ಆಗುವುದಿಲ್ಲ. ವಾಲಿಬಾಲ್ ಸೀಸನ್ ಆಗಸ್ಟಿನಿಂದ ಡಿಸೆಂಬರ್. ಹಾಗಾಗಿ ಲ್ಯಾಬ್ ಇರುವ ಕೋರ್ಸುಗಳನ್ನು ವಸಂತದ ಸೆಮಿಸ್ಟರಿಗೆ, ಬೇಸಿಗೆಗೆ ಸರಿಸಿ ನಾಲ್ಕು ವರ್ಷದ ಯೋಜನೆ ಮೊದಲೇ ಹಾಕಿಕೊಳ್ಳಬೇಕು. ಮಾಡಿದವರಿದ್ದಾರೆ, ನನ್ನ ಕೈಯಲ್ಲೇ ಹಲವರು ಮಾಡಿದ್ದಾರೆ. ಬರ್ಕ್ಲಿಯದು ಸೆಮಿಸ್ಟರ್ ಪದ್ಧತಿ, ಅದೊಂದು ಅನುಕೂಲ. ಸ್ಟ್ಯಾನ್‌ಫರ್ಡ್‌ನಂಥ ಕ್ವಾರ್ಟರ್ ಪದ್ಧತಿಯಲ್ಲಿ ಕ್ಲಾಸು ಸೆಪ್ಟೆಂಬರ್ ಕೊನೆಗೆ ಶುರುವಾಗಿ ಹತ್ತು ವಾರಕ್ಕೆ ಮುಗಿಯುತ್ತದೆ, ಎರಡು ದಿನ ತಪ್ಪಿದರೆ ಪೆಟ್ಟು ಜೋರು.

ಟೀಮು ಮುಚ್ಚುತ್ತಾರೆ ಅನ್ನುವ ನಿಮ್ಮ ಸ್ನೇಹಿತರ ಮಾತು ಪೂರ್ತಿ ಸುಳ್ಳಲ್ಲ, ಆದರೆ ಮಹಿಳಾ ವಾಲಿಬಾಲ್‌ಗೆ ಅಷ್ಟಾಗಿ ತಾಗುವುದಿಲ್ಲ. ಸ್ಟ್ಯಾನ್‌ಫರ್ಡ್ 2020ರಲ್ಲಿ 36ರಲ್ಲಿ 11 ಆಟ ನಿಲ್ಲಿಸುತ್ತೇವೆ ಅಂದಿತು, ಪುರುಷರ ವಾಲಿಬಾಲ್ ಕೂಡ ಆ ಪಟ್ಟಿಯಲ್ಲಿತ್ತು. ಹಳೆಯ ವಿದ್ಯಾರ್ಥಿಗಳು, ಆಟಗಾರರು ಹೋರಾಡಿ 2021ರಲ್ಲಿ ಉಳಿಸಿಕೊಂಡರು. ಕ್ಯಾಲ್ ಕೂಡ 2010ರಲ್ಲಿ ಐದು ಆಟಗಳ ಮೇಲೆ ಕೈಯಿಟ್ಟು, ದಾನಿಗಳ ಹಣ ಬಂದಮೇಲೆ ಹಿಂದೆ ಸರಿಯಿತು. ಆದರೆ 1972ರ ಟೈಟಲ್ ನೈನ್ ಕಾನೂನು ಹೆಣ್ಣುಮಕ್ಕಳಿಗೆ ಸಮಾನ ಅವಕಾಶ ಕೊಡಲೇಬೇಕು ಅನ್ನುತ್ತದೆ. 105 ಹುಡುಗರ ಫುಟ್ಬಾಲ್ ತಂಡ ಇಟ್ಟುಕೊಂಡ ಕಾಲೇಜಿಗೆ ಹೆಣ್ಣುಮಕ್ಕಳ ತಂಡಗಳು ಬೇಕೇ ಬೇಕು. ಮೇಲಾಗಿ ಮಹಿಳಾ ವಾಲಿಬಾಲ್ ಬೆಳೆಯುತ್ತಿರುವ ಆಟ. 2023ರ ಆಗಸ್ಟಿನಲ್ಲಿ ನೆಬ್ರಾಸ್ಕಾದಲ್ಲಿ ಫುಟ್ಬಾಲ್ ಸ್ಟೇಡಿಯಂ ಒಳಗೇ ಒಂದು ಮ್ಯಾಚಿಗೆ 92,003 ಜನ ಬಂದಿದ್ದರು. ಎಸಿಸಿ ಸೇರಿದ್ದರಿಂದ ಲೂಯಿವಿಲ್, ಪಿಟ್ಸ್‌ಬರ್ಗ್‌ನಂಥ ಗಟ್ಟಿ ತಂಡಗಳ ಎದುರು ಆಡಲು ಸಿಗುತ್ತದೆ. 2024ರಲ್ಲಿ ಎರಡೂ ರಾಷ್ಟ್ರಮಟ್ಟದ ಕೊನೆಯ ನಾಲ್ಕರಲ್ಲಿದ್ದವು. ನನಗೆ ಟೀಮು ಮುಚ್ಚುವ ಭಯಕ್ಕಿಂತ, ಅದು ಒಳಗಿನಿಂದ ಸೊರಗುವ ಭಯ ಜಾಸ್ತಿ. ಟ್ಯೂಟರ್ ಕಡಿಮೆ ಮಾಡುವುದು, ನೇರ ವಿಮಾನ ಬಿಟ್ಟು ಎರಡು ಕಡೆ ಇಳಿಸಿ ಹತ್ತಿಸುವುದು, ಇಂಥವು ಸುದ್ದಿಯಾಗುವುದಿಲ್ಲ, ಮಕ್ಕಳ ಮೈಗೆ ಮಾತ್ರ ಗೊತ್ತಾಗುತ್ತದೆ.

ಬೇರೆ ದಾರಿ ಏನಿದೆ? ಯುಸಿಎಲ್‌ಎ ಕಡೆ ನೋಡಿದರೆ ಬಿಗ್ ಟೆನ್ ಹಣ ಇದೆ, ಪ್ರಯಾಣ ಹೆಚ್ಚುಕಡಿಮೆ ಇಷ್ಟೇ. ಸ್ಯಾಂಟಾ ಬಾರ್ಬರಾ, ಕ್ಯಾಲ್ ಪಾಲಿ ಇರುವ ಬಿಗ್ ವೆಸ್ಟ್ ಲೀಗಿನಲ್ಲಿ ಫುಟ್ಬಾಲೇ ಇಲ್ಲ, ಓಡಾಟವೆಲ್ಲ ಬಹುಪಾಲು ಕ್ಯಾಲಿಫೋರ್ನಿಯಾ ಒಳಗೆ. ಓದಿಗೆ ಅದು ಒಳ್ಳೆಯದು, ಸ್ಕಾಲರ್‌ಶಿಪ್ ಕಡಿಮೆ ಇರಬಹುದು. ಆದರೆ ಅಲ್ಲಿಗೂ ಈ ಅಲೆ ಬಡಿದಿದೆ. ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಸೇರಿ ಪ್ಯಾಕ್-12ನ್ನು 2026ರ ಜುಲೈನಿಂದ ಮತ್ತೆ ಕಟ್ಟುವಾಗ ಮೌಂಟನ್ ವೆಸ್ಟ್ ಲೀಗಿನಿಂದ ಐದು ಕಾಲೇಜು ಎಳೆದುಕೊಂಡವು. ಆ ಖಾಲಿ ಜಾಗಕ್ಕೆ ಬಿಗ್ ವೆಸ್ಟ್‌ನಿಂದ ಹವಾಯಿ, ಯುಸಿ ಡೇವಿಸ್ ಹೊರಟವು. ಹಾಗಾಗಿ ಅಲುಗದ ಲೀಗು ಹುಡುಕುತ್ತಾ ಹೋಗಬೇಡಿ, ಸಿಗುವುದಿಲ್ಲ. ಆಟ ಇರಲಿ, ಓದೇ ಮುಖ್ಯ ಅಂದರೆ ಡಿವಿಷನ್ ಮೂರರ ಕಾಲೇಜುಗಳಿವೆ. ಅಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲ, ಖರ್ಚು ನಿಮ್ಮ ಮೇಲೆ.

ನನ್ನನ್ನು ಕೇಳಿದರೆ, ಬರ್ಕ್ಲಿಯ ಬಯಾಲಜಿ ಪದವಿ ಆಟ ಇಲ್ಲದಿದ್ದರೂ ಬೇಕು ಅನ್ನಿಸುವಂಥದ್ದು. ಮೊಣಕಾಲು ನೋವಾಗಿ ನಾಳೆ ಆಟ ನಿಂತರೂ ಮಗಳು ಅಲ್ಲೇ ಖುಷಿಯಾಗಿ ಓದುತ್ತಾಳೆ ಅನ್ನುವುದಾದರೆ ಧೈರ್ಯವಾಗಿ ಮುಂದುವರಿಯಿರಿ. ಆದರೆ ಬಾಯಿಮಾತಿಗೆ ಒಪ್ಪಬೇಡಿ. ಹಿಂದೆ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಅಂತ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದರು, 2024ರಲ್ಲಿ ಅದು ಹೋಯಿತು. ಈಗ ನಿಮ್ಮ ಕೈಗೆ ಬರುವುದು ಹಣಕಾಸು ನೆರವಿನ ಒಪ್ಪಂದ. ಅದು ಒಂದು ವರ್ಷದ್ದೋ ನಾಲ್ಕು ವರ್ಷದ್ದೋ ನೋಡಿ. ಗಾಯವಾದರೆ ಉಳಿಯುತ್ತದಾ, ಟೀಮು ನಿಂತರೆ ಪದವಿ ಮುಗಿಯುವವರೆಗೆ ಕೊಡುತ್ತಾರಾ, ಬರಹದಲ್ಲಿ ಕೇಳಿ. ಆಟಗಾರರಿಗೆ ನೇರ ಹಣ ಕೊಡುವ ಆ ರಾಜಿ ಒಪ್ಪಂದ ಒಪ್ಪಿಕೊಂಡ ಕಾಲೇಜುಗಳಲ್ಲಿ ವಾಲಿಬಾಲ್ ತಂಡಕ್ಕೆ ಈಗ 18 ಜನರ ಮಿತಿ ಇದೆ. ಇವಳು ಆ 18ರಲ್ಲಿ ಎಷ್ಟನೆಯವಳು, ಅವಳ ಜಾಗದಲ್ಲಿ ಆಡುವವರು ಇನ್ನೆಷ್ಟು ಜನ ಅಂತ ಕೋಚ್‌ನ ನೇರವಾಗಿ ಕೇಳಿ, ಬೇಜಾರು ಮಾಡಿಕೊಳ್ಳುವುದಿಲ್ಲ, ಎಲ್ಲರೂ ಕೇಳುತ್ತಾರೆ. ಇನ್ನೊಂದು, ಮಗಳು ಅಮೆರಿಕದ ಪ್ರಜೆಯಲ್ಲದೆ ಎಚ್-4 ಅಥವಾ ಎಫ್-1 ವೀಸಾದಲ್ಲಿದ್ದರೆ, ಜಾಹೀರಾತಿಗೆ ಬರುವ ಹಣವನ್ನೋ ಆಟಕ್ಕೆ ಕಾಲೇಜು ಕೊಡುವ ಹಣವನ್ನೋ ಮುಟ್ಟುವ ಮೊದಲು ವಲಸೆ ವಕೀಲರನ್ನು ಕಾಣಲೇಬೇಕು. ಸ್ಕಾಲರ್‌ಶಿಪ್ ಬೇರೆ, ಸಂಪಾದನೆ ಬೇರೆ. ಇದರಲ್ಲಿ ತಪ್ಪಿದರೆ ವೀಸಾಗೇ ಕುತ್ತು.

ಕ್ಯಾಂಪಸ್ಸಿಗೆ ಕರೆದಾಗ ಕೋಚ್ ಜೊತೆಗಷ್ಟೇ ಕೂತು ಬರಬೇಡಿ. ಆಟಗಾರರ ಓದಿನ ಸಲಹೆಗಾರರನ್ನು ಅರ್ಧ ಗಂಟೆ ಕೇಳಿ ಪಡೆಯಿರಿ. ಕಳೆದ ಸೀಸನ್ನಿನ ಪ್ರಯಾಣದ ಪಟ್ಟಿ ಕೇಳಿ, ಮ್ಯಾಚಿನ ಪಟ್ಟಿಯಲ್ಲ, ಬಸ್ಸು ಎಷ್ಟು ಗಂಟೆಗೆ ಹೊರಟಿತು, ವಾಪಸ್ ಎಷ್ಟು ಗಂಟೆಗೆ ಬಂತು ಅನ್ನುವ ಪಟ್ಟಿ. ಬಯಾಲಜಿ ಓದುತ್ತಿರುವ ಹುಡುಗಿ ಟೀಮಿನಲ್ಲಿ ಯಾರಾದರೂ ಇದ್ದಾರಾ ಕೇಳಿ, ಇದ್ದರೆ ಮಗಳು ಅವಳ ಜೊತೆ ಒಬ್ಬಳೇ ಮಾತಾಡಲಿ, ನೀವೂ ಬೇಡ, ಕೋಚೂ ಬೇಡ. ಆ ಪಟ್ಟಿ ಸಿಕ್ಕಮೇಲೆ ನನಗೂ ಒಂದು ಪ್ರತಿ ಕಳಿಸಿ. ಯಾವ ಲ್ಯಾಬ್ ಯಾವ ಸೆಮಿಸ್ಟರಿನಲ್ಲಿ ಇಟ್ಟುಕೊಳ್ಳಬಹುದು ಅಂತ ಗುರುತು ಹಾಕಿ ಕಳಿಸುತ್ತೇನೆ.